ಮನೆ ‘ಕಾಯಿಸುವುದು’ ಎನ್ನಬಹುದೇ? ಚಳಿಗಾಲದ ಮನೆಗೆಲಸ, ತೋಟಗೆಲಸದ ಕೆಲವು ಪದಗಳ ಬಗ್ಗೆ

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿರುವ ಮಕ್ಕಳ ಮನೆಗೆ ಬಂದು ಚಳಿಗಾಲ ಕಳೆಯುವ ನಮ್ಮ ಕಡೆಯ ಹಿರಿಯರಿಗಾಗಿ ನಾನೊಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿ ಉಳಿಯುವವರು ಇವರೇ ಆದ್ದರಿಂದ, ರೇಡಿಯೇಟರ್ ತಣ್ಣಗಾದರೆ ಏನು ಮಾಡಬೇಕು, ಕಿಟಕಿಯ ಗಾಜಿನಿಂದ ನೀರು ಇಳಿದರೆ ಏನು ಮಾಡಬೇಕು, ಹಿತ್ತಲಿನ ಸೇಬಿನ ಗಿಡವನ್ನು ಯಾವಾಗ ಮುಟ್ಟಬೇಕು ಎಂಬುದನ್ನೆಲ್ಲ ಕನ್ನಡದಲ್ಲಿ ಓದಿ ತಾವಾಗಿಯೇ ಮಾಡುವಂತಿರಬೇಕು ಎಂಬುದು ನನ್ನ ಆಸೆ. ಬರೆಯಲು ಕುಳಿತಾಗ ತೊಡಕಾಗಿರುವುದು ಕೆಲಸಗಳ ವಿವರಣೆಯಲ್ಲ, ಕ್ರಿಯಾಪದಗಳು. ಪಠ್ಯಪುಸ್ತಕದ ಪದ ಹಾಕಿದರೆ ಓದುವವರಿಗೆ ಕೈಗೆ ಏನು ಕೆಲಸ ಎಂಬುದು ತಿಳಿಯುವುದಿಲ್ಲ. ಆಡುಮಾತಿನ ಪದ ಹಾಕಿದರೆ ಕೆಲವೆಡೆ ಬೇರೆಯೇ ಅರ್ಥ ಬಂದುಬಿಡುತ್ತದೆ. ಆದ್ದರಿಂದ ನನ್ನ ಸಂದೇಹಗಳನ್ನೂ ನನಗೆ ತೋಚಿದ ಆಯ್ಕೆಗಳನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು ‘ಸೆಂಟ್ರಲ್ ಹೀಟಿಂಗ್’. ಗ್ಯಾಸ್ ಬಾಯ್ಲರ್ ನೀರನ್ನು ಬಿಸಿ ಮಾಡುತ್ತದೆ, ಆ ನೀರು ಕೊಳವೆಗಳಲ್ಲಿ ಹರಿದು ಕೋಣೆ ಕೋಣೆಯ ರೇಡಿಯೇಟರಿಗೂ ಹೋಗಿ, ತನ್ನ ಕಾವನ್ನು ಅಲ್ಲಿ ಬಿಟ್ಟು, ಮತ್ತೆ ಬಾಯ್ಲರಿಗೆ ಮರಳುತ್ತದೆ. ಬಾಯ್ಲರ್, ರೇಡಿಯೇಟರ್ ಎಂಬ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಗೀಸರನ್ನೂ ಲಾರಿಯ ರೇಡಿಯೇಟರನ್ನೂ ಕಂಡವರಿಗೆ ಇವು ಹೊಸವಲ್ಲ. ತೊಡಕಿರುವುದು ‘ಮನೆಯನ್ನು ಹೀಟ್ ಮಾಡುವುದು’ ಎನ್ನುವಲ್ಲಿ. ನಾವು ನೀರು ಕಾಯಿಸುತ್ತೇವೆ, ಹಾಲು ಕಾಯಿಸುತ್ತೇವೆ, ಎಣ್ಣೆ ಕಾಯಿಸುತ್ತೇವೆ, ಚಳಿಗೆ ಮೈ ಕಾಯಿಸಿಕೊಳ್ಳುತ್ತೇವೆ. ‘ಬೆಂಕಿ ಕಾಯಿಸುವುದು’, ‘ಬಿಸಿಲು ಕಾಯಿಸುವುದು’, ‘ಚಳಿ ಕಾಯಿಸುವುದು’ ಎಂಬ ಬಳಕೆಗಳೂ ಇವೆ, ಈ ಮೂರರಲ್ಲಿಯೂ ಬಿಸಿಯಾಗುವುದು ಮಾತ್ರ ಮೈಯೇ. ಮನೆಯನ್ನೇ ಕಾಯಿಸಿದ ರೂಢಿ ನಮ್ಮಲ್ಲಿಲ್ಲ. ಮಲೆನಾಡಿನ ಚಳಿಯಲ್ಲಿಯೂ ಬಚ್ಚಲೊಲೆಯ ಮುಂದೆ ಜನ ಹೋಗಿ ಕೂರುತ್ತಿದ್ದರೇ ಹೊರತು, ಒಲೆಯ ಬಿಸಿ ಮನೆಯ ಎಲ್ಲ ಕೋಣೆಗಳಿಗೆ ಹೋಗುತ್ತಿರಲಿಲ್ಲ. ಹೀಗಾಗಿ ‘ಮನೆ ಕಾಯಿಸು’ ಎಂದೊಡನೆ ಕಿವಿಗೆ ಬೀಳುವುದು ಇನ್ನೊಂದು ‘ಕಾಯು’. ಮನೆ ಕಾಯುವುದು ಎಂದರೆ ಕಾವಲಿರುವುದು. ಯಾರನ್ನಾದರೂ ಕಾಯಿಸುವುದು ಎಂದರೆ ಅವರು ದಾರಿ ನೋಡುವಂತೆ ಮಾಡುವುದು. ಎರಡು ಬೇರೆ ಬೇರೆ ಧಾತುಗಳು ಒಂದೇ ರೂಪಕ್ಕೆ ಬಂದು ನಿಂತಿರುವುದರಿಂದ, ಹಗಲು ಒಬ್ಬರೇ ಮನೆಯಲ್ಲಿರುವ ಹಿರಿಯರಿಗೆ ‘ಮನೆ ಕಾಯಿಸುವುದು ಹೇಗೆ’ ಎಂಬ ತಲೆಬರಹ ಗೊಂದಲ ಹುಟ್ಟಿಸುತ್ತದೆ.

ಸದ್ಯಕ್ಕೆ ‘ಮನೆ ಬೆಚ್ಚಗಿಡುವುದು’ ಎಂದು ಬರೆದುಕೊಂಡಿದ್ದೇನೆ. ಬಿಸಿ, ಸೆಕೆ, ಝಳ, ಧಗೆ, ಬೇಗೆ ಇವುಗಳಲ್ಲೆಲ್ಲ ಸ್ವಲ್ಪವಾದರೂ ಸಂಕಟದ ಛಾಯೆಯಿದೆ. ಬೆಚ್ಚಗೆ ಎಂಬುದರಲ್ಲಿ ಹಿತ ಮಾತ್ರ ಇದೆ. ನಾಮಪದ ಬೇಕಾದಲ್ಲಿ ‘ಕಾವು’ ಎಂಬುದು ನನಗೆ ಬಹಳ ಒಪ್ಪಿಗೆಯಾಗಿದೆ. ಮೊಟ್ಟೆಯ ಮೇಲೆ ಕೋಳಿ ಕಾವು ಕೂರುವಂತೆ, ಇಲ್ಲಿಯೂ ಬೇಕಾಗಿರುವುದು ಒಮ್ಮೆಗೇ ಏರಿ ಇಳಿಯುವ ಬಿಸಿಯಲ್ಲ, ಸಣ್ಣಗೆ ಒಂದೇ ಸಮನೆ ನಿಲ್ಲುವ ಬಿಸಿ. ‘ರೇಡಿಯೇಟರಿನ ಕಾವು ಸಾಲದು’, ‘ರಾತ್ರಿ ಕಾವು ತಗ್ಗಿಸಿ’ ಎಂದರೆ ಸಹಜವಾಗಿ ಕೇಳುತ್ತದೆ ಎಂದು ನನ್ನ ಅಭಿಪ್ರಾಯ. ಇನ್ನು ಅದನ್ನು ಶುರು ಮಾಡುವುದಕ್ಕೆ ಮೈಸೂರಿನ ಕಡೆಯವರು ‘ಹೀಟರ್ ಹಾಕು’ ಎನ್ನುತ್ತಾರೆ, ಧಾರವಾಡದ ಕಡೆಯವರು ‘ಹಚ್ಚು’ ಎನ್ನುತ್ತಾರೆ. ದಕ್ಷಿಣದವರಿಗೆ ಹಚ್ಚುವುದು ಎಂದರೆ ಬೆಂಕಿ ತಾಗಿಸುವುದು. ಗ್ಯಾಸಿನ ಉಪಕರಣದ ವಿಷಯದಲ್ಲಿ ಈ ಪದ ಬೇಡ ಎಂದು ಬಿಟ್ಟಿದ್ದೇನೆ. ಬಾಯ್ಲರಿನ ಒಳಗಿನ ಗ್ಯಾಸ್ ಕೆಲಸವನ್ನು ‘ಗ್ಯಾಸ್ ಸೇಫ್’ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿಯಿರುವವರೇ ಮಾಡಬೇಕೆಂದು ಇಲ್ಲಿನ ಕಾನೂನು ಹೇಳುವುದರಿಂದ, ‘ಬಾಯ್ಲರಿನ ಮುಚ್ಚಳ ಬಿಚ್ಚಬೇಡಿ’ ಎಂಬ ಮಾತನ್ನು ಯಾವ ಪದಚಿಂತೆಯೂ ಇಲ್ಲದೆ ನೇರವಾಗಿ ಬರೆದಿದ್ದೇನೆ.

ಎರಡನೆಯ ಸಂದೇಹ ಇದಕ್ಕಿಂತ ಸೂಕ್ಷ್ಮವಾದುದು. ಬೇಸಿಗೆಯಿಡೀ ಸುಮ್ಮನಿದ್ದ ರೇಡಿಯೇಟರಿನ ಮೇಲ್ಭಾಗದಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಕೆಳಗೆ ಮುಟ್ಟಿದರೆ ಬಿಸಿ, ಮೇಲೆ ಮುಟ್ಟಿದರೆ ತಣ್ಣಗೆ. ಆಗ ಹೀಟಿಂಗ್ ನಿಲ್ಲಿಸಿ, ರೇಡಿಯೇಟರ್ ಆರಿದ ಮೇಲೆ, ಮೇಲ್ತುದಿಯ ಪಕ್ಕದಲ್ಲಿರುವ ಚೌಕ ತಲೆಯ ಪುಟ್ಟ ತಿರುಪಿಗೆ ಅದರದೇ ಕೀಲಿಯನ್ನು ಕೂರಿಸಿ ಎಡಕ್ಕೆ ನಿಧಾನವಾಗಿ ಅರ್ಧ ಸುತ್ತು ತಿರುಗಿಸಬೇಕು. ಕೆಳಗೊಂದು ಬಟ್ಟೆ ಹಿಡಿದಿರಬೇಕು. ಮೊದಲು ಬುಸ್ಸೆಂದು ಗಾಳಿ ಬರುತ್ತದೆ, ಆಮೇಲೆ ಗಾಳಿಯೊಡನೆ ನೀರು ಸಿಡಿಯುತ್ತದೆ, ಕೊನೆಗೆ ಬರೀ ನೀರು ಜಿನುಗತೊಡಗುತ್ತದೆ. ಆ ಕ್ಷಣವೇ ತಿರುಪನ್ನು ಬಲಕ್ಕೆ ತಿರುಗಿಸಿ ಬಿಗಿ ಮಾಡಬೇಕು. ಗಾಳಿ ಹೋದಷ್ಟೂ ಒಳಗಿನ ಒತ್ತಡ ಇಳಿಯುವುದರಿಂದ ಬಾಯ್ಲರಿನಲ್ಲಿ ಒತ್ತಡ ತೋರಿಸುವ ಮುಳ್ಳನ್ನು ನೋಡಬೇಕು. ತಣ್ಣಗಿರುವಾಗ ಅದು ಸಾಮಾನ್ಯವಾಗಿ 1ರಿಂದ 1.5 ಬಾರ್ ನಡುವೆ ಇರಬೇಕು.

ಈ ಕೆಲಸಕ್ಕೆ ಏನೆನ್ನಬೇಕು? ಪಂಪ್‌ಸೆಟ್ ಇಟ್ಟುಕೊಂಡ ರೈತರು ‘ಪೈಪಿಗೆ ಗಾಳಿ ಹಿಡಿದಿದೆ’ ಎನ್ನುವುದನ್ನು ಕೇಳಿದ್ದೇನೆ, ಅದು ಈ ಸಂದರ್ಭಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ಆದರೆ ‘ಗಾಳಿ ಹಿಡಿಯುವುದು’, ‘ಗಾಳಿ ಬಿಡಿಸುವುದು’ ಎಂಬ ಜೋಡಿಗೆ ಭೂತಚೇಷ್ಟೆಯ ಅರ್ಥ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಅಪರಿಚಿತ ದೇಶದ ಮನೆಯಲ್ಲಿ, ರಾತ್ರಿ ಕೊಳವೆಗಳು ಟಕಟಕನೆ ಸದ್ದು ಮಾಡುವುದನ್ನು ಕೇಳಿ ಮೊದಲೇ ಕಳವಳಗೊಂಡಿರುವ ಅಜ್ಜಿಗೆ ಅಂಥ ಮಾತು ಓದಿಸುವುದು ನನಗೆ ಸರಿಕಾಣುವುದಿಲ್ಲ. ಆದ್ದರಿಂದ ‘ಗಾಳಿ ತೆಗೆಯುವುದು’ ಎಂದು ಬರೆದಿದ್ದೇನೆ. ನಿಮ್ಮ ಕಡೆ ಪಂಪ್ ರಿಪೇರಿ ಮಾಡುವವರು, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಮೇಲಿನ ವಾಕ್ಯದಲ್ಲಿ ‘ಆರಿದ ಮೇಲೆ’ ಎಂದು ಬಳಸಿರುವುದನ್ನೂ ಗಮನಿಸಬೇಕೆಂದು ಕೋರುತ್ತೇನೆ. ಕಾಫಿ ಆರುತ್ತದೆ, ದೀಪ ಆರುತ್ತದೆ, ಒಗೆದ ಬಟ್ಟೆಯೂ ಆರುತ್ತದೆ. ಅದೇ ಪುಟದಲ್ಲಿ ಮುಂದೆ ರೇಡಿಯೇಟರಿನ ಮೇಲೆ ಬಟ್ಟೆ ಆರಹಾಕುವ ಮಾತು ಬರುವುದರಿಂದ, ಬಟ್ಟೆಗೆ ‘ಒಣಗಿಸು’ ಎಂದೂ ರೇಡಿಯೇಟರಿಗೆ ‘ಆರು’ ಎಂದೂ ಬೇರ್ಪಡಿಸಿಕೊಂಡಿದ್ದೇನೆ.

ಮೂರನೆಯದು ಹೆಪ್ಪುಗಟ್ಟಿದ ಕೊಳವೆ. ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರುಗಳು ಹೊಗೆಯಲ್ಲಿರುವ ಆವಿಯನ್ನೂ ನೀರಾಗಿಸಿ ಅದರ ಶಾಖವನ್ನು ಬಳಸಿಕೊಳ್ಳುವ ಬಗೆಯವು. ಆ ನೀರನ್ನು ಹೊರಹಾಕುವ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆ ಅನೇಕ ಮನೆಗಳಲ್ಲಿ ಗೋಡೆಯ ಹೊರಗೆ ಇಳಿದಿರುತ್ತದೆ, ಕಡುಚಳಿಯ ದಿನ ಅದರೊಳಗೆ ನೀರು ಹೆಪ್ಪುಗಟ್ಟಿದರೆ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತುಹೋಗುತ್ತದೆ. ಆ ಕೊಳವೆ ಕೈಗೆಟಕುವ ಎತ್ತರದಲ್ಲಿದ್ದರೆ ಮೇಲೆ ಬೆಚ್ಚನೆಯ ನೀರು ಸುರಿಯಬಹುದು. ಕುದಿಯುವ ನೀರು ಸುರಿಯಬಾರದು. ಇಲ್ಲಿ ‘ಬಿಸಿನೀರು ಸುರಿಯಿರಿ’ ಎಂದು ಬರೆದರೆ ಅನಾಹುತ. ಕನ್ನಡದ ಬಿಸಿನೀರು ಸ್ನಾನದ ನೀರಿನಿಂದ ಹಿಡಿದು ಕೆಟಲಿನಲ್ಲಿ ಕೊತಕೊತ ಕುದಿಯುವ ನೀರಿನವರೆಗೆ ಎಲ್ಲವನ್ನೂ ಒಳಗೊಳ್ಳುತ್ತದೆ, ಅವಸರದಲ್ಲಿರುವವರು ಕೆಟಲನ್ನೇ ಎತ್ತಿಕೊಂಡು ಹೋಗುತ್ತಾರೆ. ಉಗುರುಬೆಚ್ಚಗಿನ ನೀರು ಎಂದರೆ ತೀರ ಕಡಿಮೆಯಾಗುತ್ತದೆಯೇನೋ ಎಂಬ ಅನುಮಾನದಿಂದ ‘ಕೈ ಅದ್ದಿದರೆ ಸುಡದಷ್ಟು ಬಿಸಿಯಾದ ನೀರು’ ಎಂದು ಉದ್ದಕ್ಕೆ ಬರೆದಿದ್ದೇನೆ. ಇದಕ್ಕೆ ಒಂದೇ ಪದ ಯಾರ ಮನೆಯಲ್ಲಿದ್ದರೂ ಬೇಕು. ನೀರು ಗಡ್ಡೆಯಾಗುವಾಗ ಗಾತ್ರದಲ್ಲಿ ಸುಮಾರು ನೂರಕ್ಕೆ 9ರಷ್ಟು ಹಿಗ್ಗಿ ಕೊಳವೆಯನ್ನು ಒಡೆಯುತ್ತದೆ ಎಂದು ಹೇಳುವಲ್ಲಿ ‘ಹೆಪ್ಪುಗಟ್ಟು’ ಚೆನ್ನಾಗಿಯೇ ನಡೆಯುತ್ತದೆ, ಅದರ ಬಗ್ಗೆ ನನಗೆ ಸಂದೇಹವಿಲ್ಲ.

ಗೋಡೆಯ ತೇವದ ವಿಷಯದಲ್ಲಂತೂ ಕನ್ನಡ ನನಗೆ ಬಹಳ ನೆರವಾಗಿದೆ. ಇಲ್ಲಿನ ಇಂಗ್ಲಿಷಿನಲ್ಲಿ ‘ಡ್ಯಾಂಪ್’ ಎಂಬ ಒಂದೇ ಪದ ಎಲ್ಲಕ್ಕೂ ಓಡಾಡುತ್ತದೆ. ನಮ್ಮಲ್ಲಿ ಮಾಡು ಸೋರುತ್ತದೆ, ಗೋಡೆ ಒಸರುತ್ತದೆ, ಕೊಳವೆಯ ಕೂಡಿನಲ್ಲಿ ನೀರು ಜಿನುಗುತ್ತದೆ, ಗಾಜು ಬೆವರುತ್ತದೆ. ಕೊನೆಯದಕ್ಕೆ ಶಾಲೆಯ ಪುಸ್ತಕದಲ್ಲಿ ‘ಸಾಂದ್ರೀಕರಣ’ ಎಂದಿದೆ. ಅದನ್ನು ಓದಿದವರು ಕಿಟಕಿ ಒರೆಸಲು ಏಳುತ್ತಾರೆಂದು ನನಗೆ ಅನಿಸುವುದಿಲ್ಲ. ಗಾಜು ಬೆವರಿದೆ ಎಂದರೆ ಅಡುಗೆ, ಸ್ನಾನ, ಒಳಗೆ ಒಣಗಲು ಹಾಕಿದ ಬಟ್ಟೆ ಇವುಗಳ ಪಸೆ ಹೊರಹೋಗಲು ದಾರಿಯಿಲ್ಲದೆ ತಣ್ಣನೆಯ ಜಾಗದಲ್ಲಿ ಕೂತಿದೆ ಎಂಬುದು ಆ ಕ್ರಿಯಾಪದದಿಂದಲೇ ಅರ್ಧ ತಿಳಿಯುತ್ತದೆ. ಹಾಗೆ ಬಿಟ್ಟರೆ ಕಪಾಟಿನ ಹಿಂದೆ ಕರಿ ಬೂಷ್ಟು ಹಿಡಿಯುತ್ತದೆ. ಬೂಷ್ಟು, ಬೂಸು, ಬೂಜು ಇವುಗಳಲ್ಲಿ ಗೋಡೆಗೆ ಯಾವುದು, ಉಪ್ಪಿನಕಾಯಿಗೆ ಯಾವುದು ಎಂಬ ಭೇದ ನಿಮ್ಮ ಊರುಗಳಲ್ಲಿ ಇದೆಯೇ?

ಬಾಗಿಲು, ಕಿಟಕಿಯ ಅಂಚಿನಿಂದ ನುಸುಳುವ ಚಳಿಗಾಳಿಗೆ ನಾನು ‘ಸಂದಿಗಾಳಿ’ ಎಂದು ಬರೆದುಕೊಂಡಿದ್ದೇನೆ. ಇದು ನನ್ನದೇ ಜೋಡಣೆ. ಸಂದಿ ಮುಚ್ಚಬೇಕು, ಆದರೆ ಗಾಳಿಯಾಡಲೆಂದೇ ಇಟ್ಟಿರುವ ಕಿಂಡಿಗಳನ್ನು ಮುಚ್ಚಬಾರದು. ಎರಡನೆಯದಕ್ಕೆ ‘ಗವಾಕ್ಷಿ’ ಎಂಬ ಹಳೆಯ ಮಾತು ಇರುವುದರಿಂದ ಸಂದಿಗೂ ಗವಾಕ್ಷಿಗೂ ಇರುವ ಅಂತರ ನಮ್ಮ ಹಿರಿಯರಿಗೆ ವಿವರಿಸಬೇಕಾಗಿಲ್ಲ.

ಹಳೆಯ ಮನೆಗಳ ದುರಸ್ತಿಯ ಭಾಗದಲ್ಲಿ ಒಂದು ಪದದ ಅರ್ಥ ಸರಿದಿರುವುದು ತೊಡಕು ತಂದಿದೆ. ಯಾರ್ಕ್‌ಶೈರಿನ ವಿಕ್ಟೋರಿಯಾ ಕಾಲದ ಅನೇಕ ಸಾಲುಮನೆಗಳಲ್ಲಿ ಮರಳುಗಲ್ಲಿನ ಗಟ್ಟಿಗೋಡೆಗಳಿವೆ, ಕಲ್ಲುಗಳ ನಡುವೆ ಸುಣ್ಣದ ಗಾರೆ. ಸುಣ್ಣದ ಗಾರೆ ಗೋಡೆಯ ಪಸೆಯನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಪಸೆ ಒಳಗೇ ಸಿಕ್ಕಿಕೊಂಡು ಕಲ್ಲಿನ ಮುಖ ಉದುರುತ್ತದೆ. ಹಿಂದೆ ಗಾರೆ ಎಂದರೆ ಸುಣ್ಣದ್ದೇ ಆಗಿತ್ತು. ಈಗ ಗಾರೆ ಕೆಲಸ ಎಂದರೆ ಸಿಮೆಂಟಿನ ಕೆಲಸವೂ ಹೌದು, ಗಾರೆಯವರು ಎಂದರೆ ಮೇಸ್ತ್ರಿಗಳು. ‘ಗಾರೆ ಹಾಕಿಸಿ’ ಎಂದಷ್ಟೇ ಬರೆದರೆ ಹೇಳಬೇಕಾದದ್ದಕ್ಕೆ ತದ್ವಿರುದ್ಧವಾದ ಕೆಲಸ ಆಗಬಹುದೆಂಬ ಭಯದಿಂದ ಪ್ರತಿಸಲವೂ ‘ಸುಣ್ಣದ ಗಾರೆ’ ಎಂದೇ ಬರೆಯುತ್ತಿದ್ದೇನೆ. ಅದೂ ನೀರು ಹೆಪ್ಪುಗಟ್ಟುವ ದಿನಗಳಲ್ಲಿ ಮಾಡುವ ಕೆಲಸವಲ್ಲ. ಚಳಿಗಾಲಕ್ಕೆ ಒಗ್ಗುವುದು ಒಳಗಿನ ಕೆಲಸ, ಮುಖ್ಯವಾಗಿ ಅಟ್ಟದ್ದು. ಅಟ್ಟದ ನೆಲಕ್ಕೆ, ಕಾವು ಹೊರಹೋಗದಂತೆ ತಡೆಯುವ ಖನಿಜದ ಉಣ್ಣೆಯನ್ನು (ಗಾಜು ಅಥವಾ ಕಲ್ಲಿನಿಂದ ಮಾಡಿದ ಎಳೆಗಳ ಹಾಸು) ಸುಮಾರು 270 ಮಿಲಿಮೀಟರ್ ದಪ್ಪಕ್ಕೆ ಹಾಸಬೇಕೆಂಬುದು ಇಲ್ಲಿನ ಸಾಮಾನ್ಯ ಸಲಹೆ. ‘ಉಷ್ಣನಿರೋಧಕ ಅಳವಡಿಕೆ’ ಎಂಬುದನ್ನು ಬಿಟ್ಟು ‘ಅಟ್ಟಕ್ಕೆ ಹೊದಿಸುವುದು’, ‘ಕೊಳವೆಗೆ ಸುತ್ತುವುದು’ ಎಂದು ಬರೆದಿದ್ದೇನೆ.

ತೋಟದ ಭಾಗದಲ್ಲಿ ನನ್ನ ಮುಖ್ಯ ಪ್ರಶ್ನೆ ‘ಕಸಿ’ಯದು. ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಗಿಡಗಸಿ, ಮರಗಸಿ ಎಂದರೆ ಕೊಂಬೆ ಕಡಿದು ಹದಮಾಡುವುದು. ಬಯಲುಸೀಮೆಯಲ್ಲಿ ಕಸಿ ಎಂದರೆ ಒಂದು ಗಿಡಕ್ಕೆ ಇನ್ನೊಂದರ ಕೊನೆಯನ್ನು ಕೂಡಿಸುವುದು, ಕಸಿ ಮಾವು ಎನ್ನುವಾಗಿನ ಕಸಿ. ‘ಚಳಿಗಾಲದಲ್ಲಿ ಸೇಬಿಗೆ ಕಸಿ ಮಾಡಿ’ ಎಂದರೆ ಒಂದೊಂದು ಜಿಲ್ಲೆಯವರು ಒಂದೊಂದು ಕೆಲಸಕ್ಕೆ ಕೈ ಹಾಕುತ್ತಾರೆ. ಸೇಬಿನ ಗಿಡದ ಕೊಂಬೆ ತೆಗೆಯುವುದು ಎಲೆ ಉದುರಿದ ನಂತರ, ನವೆಂಬರಿನಿಂದ ಮಾರ್ಚ್ ಮೊದಲ ಭಾಗದೊಳಗೆ. ಪ್ಲಮ್ ಮತ್ತು ಚೆರ್ರಿಯನ್ನು ಮಾತ್ರ ಚಳಿಗಾಲದಲ್ಲಿ ಮುಟ್ಟಬಾರದು, ಏಕೆಂದರೆ ಆಗ ಕಡಿದ ಗಾಯದ ಮೂಲಕ ಎಲೆಯನ್ನು ಬೆಳ್ಳಿಬಣ್ಣಕ್ಕೆ ತಿರುಗಿಸುವ ಶಿಲೀಂಧ್ರ ರೋಗ ಒಳಸೇರುತ್ತದೆ. ಇಲ್ಲಿ ‘ಸವರು’ ಬಳಸಬಹುದೇ? ಬೇಲಿ ಸವರುವುದು, ಸೊಪ್ಪು ಸವರುವುದು ಎಂಬ ಬಳಕೆ ಇದೆ. ಆದರೆ ಅದು ಮೇಲೆ ಮೇಲೆ ಕತ್ತರಿಸುವುದನ್ನು ಹೇಳುತ್ತದೆಯೇ ಹೊರತು, ಯಾವ ಕೊಂಬೆ ಉಳಿಯಬೇಕು, ಯಾವುದು ಹೋಗಬೇಕು ಎಂಬ ಆಯ್ಕೆಯನ್ನು ಹೇಳುವುದಿಲ್ಲ ಎಂಬುದು ನನ್ನ ಅಳುಕು. ಬೇರಿನ ಸುತ್ತ ತರಗೆಲೆ, ಗೊಬ್ಬರ ಹರಡುವುದಕ್ಕೆ ‘ಮುಚ್ಚಿಗೆ’ ಎಂದಿದ್ದೇನೆ, ಟ್ಯುಲಿಪ್ ಗಡ್ಡೆಗಳನ್ನು ನವೆಂಬರಿನಲ್ಲಿ ಊರುವುದು ಎಂದಿದ್ದೇನೆ. ಇವೆರಡಕ್ಕೂ ಯಾರದೂ ಆಕ್ಷೇಪವಿರಲಾರದು.

ಉಳಿದಿರುವುದು ಬೆಳಗಿನ ಜಾವ ಹುಲ್ಲಿನ ಮೇಲೆ ಬಿಳಿಯಾಗಿ ಗಟ್ಟಿಯಾಗುವ ಇಬ್ಬನಿ. ‘ಮಂಜು’ ಎಂದರೆ ನಮ್ಮವರಿಗೆ ಕವಿಯುವ ಮಂಜು, ಅನುವಾದಗಳನ್ನು ಓದಿದವರಿಗೆ ಆಕಾಶದಿಂದ ಬೀಳುವ ಹಿಮ. ಕುಂಡದ ಗಿಡಗಳನ್ನು ಸಂಜೆಯೇ ಮುಚ್ಚಬೇಕಾಗಿರುವುದು ಈ ಎರಡಕ್ಕೂ ಅಲ್ಲ, ಆಕಾಶ ತಿಳಿಯಾಗಿರುವ ರಾತ್ರಿ ನೆಲದ ಕಾವು ಹಾರಿಹೋಗಿ ಕಟ್ಟುವ ಆ ಬಿಳಿಪೊರೆಗೆ. ಹಳಗನ್ನಡ ಕಾವ್ಯಗಳ ‘ತುಹಿನ’ವನ್ನು ತರುವ ಮನಸ್ಸಿದೆ, ಆದರೆ ಅದನ್ನು ಓದಿ ಯಾರೂ ಗಿಡ ಮುಚ್ಚಲು ಹೋಗುವುದಿಲ್ಲ. ‘ಗಟ್ಟಿ ಇಬ್ಬನಿ’ ಎಂದು ತಾತ್ಕಾಲಿಕವಾಗಿ ಬರೆದಿದ್ದೇನೆ. ಊಟಿಯ ಸುತ್ತ ಇರುವ ಕನ್ನಡದವರಾಗಲಿ, ಬಡಗ ಮಾತನಾಡುವವರಾಗಲಿ ಈ ಬಳಗದಲ್ಲಿದ್ದರೆ, ಚಹಾ ತೋಟ, ಆಲೂಗಡ್ಡೆ ಹೊಲಗಳ ಮೇಲೆ ಅದು ಬಿದ್ದಾಗ ಮನೆಯವರು ಆಡುವ ಮಾತು ಯಾವುದೆಂದು ದಯವಿಟ್ಟು ತಿಳಿಸಿಕೊಡಬೇಕು.