ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಸದ್ದು: ಆಯಿಲ್ ಫಿಲ್ಟರ್ ಒಂದು ಬಿಟ್ಟು ಒಂದು ಸಲ ಹಾಕಿದರೆ ಸಾಕಾ?

ಕೆ.ಆರ್. ಪೇಟೆ ಕಿಟ್ಟಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಸ್ವಿಫ್ಟ್, 61,800 ಕಿ.ಮೀ. ಓಡಿದೆ. ಎರಡು ತಿಂಗಳಿಂದ ಬೆಳಿಗ್ಗೆ ಮೊದಲ ಸಲ ಸೆಲ್ಫ್ ಹೊಡೆದಾಗ ಬಾನೆಟ್ ಒಳಗಿಂದ ಕಟಕಟ ಸದ್ದು ಬರ್ತಿದೆ, ತಗಡಿನ ಡಬ್ಬಕ್ಕೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ಮೂರು ನಾಲ್ಕು ಸೆಕೆಂಡಿಗೆ ನಿಂತು ಹೋಗುತ್ತೆ. ಮೀಟರ್ ಮೇಲಿನ ಆಯಿಲ್ ದೀಪವೂ ಅಷ್ಟು ಹೊತ್ತು ಉರಿದು ಆರುತ್ತೆ. ಆಮೇಲೆ ಇಡೀ ದಿನ ಎಷ್ಟು ಸಲ ಸ್ಟಾರ್ಟ್ ಮಾಡಿದರೂ ಏನೂ ಇಲ್ಲ.

ಓಡಾಟ ಕಡಿಮೆ. ಮಗಳನ್ನು ಸ್ಕೂಲಿಗೆ ಬಿಡೋದು, ತರಕಾರಿ, ತಿಂಗಳಿಗೊಮ್ಮೆ ಊರು. ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ಆದರೆ ಹೆಚ್ಚು. ಮೊದಲು ಕಂಪನಿ ಸರ್ವೀಸ್, 2021ರಿಂದ ಮನೆ ಹತ್ತಿರದ ಗ್ಯಾರೇಜ್. ಪ್ರತಿ ವರ್ಷ ತಪ್ಪದೆ ಆಯಿಲ್ ಬದಲಿಸ್ತೀನಿ. ಫಿಲ್ಟರ್ ಮಾತ್ರ ಒಂದು ಬಿಟ್ಟು ಒಂದು ಸಲ ಸಾಕು ಅಂತಾರೆ ಮೆಕ್ಯಾನಿಕ್. ಕೇಳಿದ್ದಕ್ಕೆ, "ಸೋಸೋ ಕಾಗದ ಸಾರ್ ಅದು, ಕೆಡೋದಕ್ಕೆ ಹಾಲಾ?" ಅಂದರು. ಸದ್ದಿಗೂ ಫಿಲ್ಟರಿಗೂ ಸಂಬಂಧ ಇದೆಯಾ? ನಿಜವಾಗಿ ಎಷ್ಟಕ್ಕೊಮ್ಮೆ ಬದಲಿಸಬೇಕು?

ಗ್ರೀಸ್ ಕೈ (ಹುಬ್ಬಳ್ಳಿ)

ಮೊದಲ ಗೇಜ್ ಕಡ್ಡಿ ತಗದು ಆಯಿಲ್ ಎಷ್ಟೈತಿ ನೋಡ್ರಿ. ಗಾಡಿ ಸಪಾಟ ಜಾಗದಾಗ ನಿಂತಿರಬೇಕು, ಬಂದ್ ಮಾಡಿ ಐದು ನಿಮಿಷ ಆಗಿರಬೇಕು. ಕಮ್ಮಿ ಇದ್ರ ಬ್ಯಾರೆ ಮಾತೇ ಬ್ಯಾಡ, ಮೊದಲ ಅದನ್ನ ತುಂಬಿಸ್ರಿ.

ಲೆವೆಲ್ ಸರಿ ಇದ್ರ ನನಗ ಫಿಲ್ಟರ್ ಮ್ಯಾಲೆ ಅನುಮಾನ. ಅದರ ಬಾಯಿಯೊಳಗ ಒಂದು ರಬ್ಬರ್ ಬಿಲ್ಲಿ ಇರತೈತಿ. ಇಂಜಿನ್ ಬಂದ್ ಆದ ಮ್ಯಾಲೆ ಫಿಲ್ಟರಿನಾಗಿನ ಆಯಿಲ್ ವಾಪಸ್ ಚೇಂಬರಿಗೆ (ಇಂಜಿನ್ ತಳದಾಗಿನ ಆಯಿಲ್ ಬಟ್ಟಲಿಗೆ) ಇಳೀದಂಗ ತಡೆಯೂದು ಅದರ ಕೆಲಸ. ಆ ರಬ್ಬರ್ ಬಿರುಸಾದ್ರ ರಾತ್ರಿಯೆಲ್ಲಾ ಆಯಿಲ್ ಸೋರಿ ಫಿಲ್ಟರ್ ಖಾಲಿ. ಮುಂಜಾನೆ ಪಂಪು ಮೊದಲ ಫಿಲ್ಟರ್ ತುಂಬಿಸಿ ಆಮೇಲೆ ಮ್ಯಾಲೆ ಕಳಿಸಬೇಕು. ಅಲ್ಲೀತನಕ ಒಣ ಕೊಡಪಾನ ಬಡದಂಗ. ಹಗಲಿನಾಗ ಸದ್ದು ಇಲ್ಲ ಅಂದ್ರಲ್ಲ, ಅದು ಇದಕ್ಕ ಹೊಂದತೈತಿ.

ಒಂದು ಮಾತು ನೆನಪಿರಲಿ. ಓಡುವಾಗ ಆಯಿಲ್ ದೀಪ ಹತ್ತಿದ್ರ ಅಲ್ಲೇ ಬಂದ್ ಮಾಡ್ರಿ. ಮನಿ ಇನ್ನೊಂದ ಕಿಲೋಮೀಟರ್ ಐತಿ ಅಂತ ಓಡಿಸಬ್ಯಾಡ್ರಿ.

ಪುತ್ತೂರು ಡೀಸೆಲ್

ಕಿಟ್ಟಿಯವರೇ, ಟೈಮಿಂಗ್ ಚೈನ್, ಅಂದರೆ ಇಂಜಿನ್ ಒಳಗೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ, ಅದೂ ಇರಬಹುದು ಮಾರಾಯ್ರೆ. ಚೈನ್ ಬಿಗಿಯಾಗಿ ಹಿಡಿಯುವ ಟೆನ್ಷನರ್ ಹೆಚ್ಚಿನ ಇಂಜಿನ್‌ಗಳಲ್ಲಿ ಆಯಿಲ್ ಪ್ರೆಶರಿನಿಂದಲೇ ಕೆಲಸ ಮಾಡುವುದು. ಪ್ರೆಶರ್ ಬರುವವರೆಗೆ ಚೈನ್ ಸಡಿಲ, ಹಾಗಾಗಿ ಅದೇ ಸದ್ದು. ನನಗೆ ಒಬ್ಬರು ಚೈನ್ ಕಿಟ್ ಹಾಕ್ಲಿಕ್ಕೆ ಎಸ್ಟಿಮೇಟೇ ಕೊಟ್ಟಿದ್ದರು. ಕಡೆಗೆ ನೋಡಿದರೆ ಆಯಿಲ್ ಒಂದು ಲೀಟರ್ ಕಮ್ಮಿ! ಅಗ್ಗದ್ದು ಮೊದಲು ನೋಡಿ, ದುಬಾರಿಯದ್ದು ಆಮೇಲೆ.

ಕೆ.ಆರ್. ಪೇಟೆ ಕಿಟ್ಟಿ

ಗೇಜ್ ನೋಡಿದೆ, ಲೆವೆಲ್ ಸರಿಯಾಗಿದೆ. ಆಯಿಲ್ ಹಾಕಿ ಏಳು ತಿಂಗಳು.

ಇನ್ನೊಂದು ವಿಷಯ. ನಿಮ್ಮ ಮಾತು ಓದಿ ಭಾಮೈದನ ಜೊತೆ ಟಾರ್ಚ್ ಹಿಡಿದು ಕೆಳಗೆ ನುಗ್ಗಿದೆ. ಫಿಲ್ಟರ್ ಮೇಲೆ ಧೂಳು, ಜಿಡ್ಡು ಸೇರಿ ಚರ್ಮದ ಹಾಗೆ ಕಟ್ಟಿಕೊಂಡಿತ್ತು. ಬಟ್ಟೆಯಲ್ಲಿ ಒರೆಸಿದರೆ ಬಿಳಿ ಮಾರ್ಕರ್‌ನಲ್ಲಿ ಏನೋ ಬರೆದಿದೆ. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆವು: 47,310. ಪಕ್ಕದಲ್ಲಿ 3/21.

ಅಂದರೆ ಕೊನೆಯ ಕಂಪನಿ ಸರ್ವೀಸ್‌ನಲ್ಲಿ ಹಾಕಿದ ಫಿಲ್ಟರೇ ಇವತ್ತಿಗೂ ಇದೆ. ಅದರ ಮೇಲೆ ನಾಲ್ಕು ಸಲ ಆಯಿಲ್ ಬದಲಾಗಿದೆ. ಹಳೇ ಬಿಲ್ ಹುಡುಕಿದೆ, 2023ರದ್ದರಲ್ಲಿ ಫಿಲ್ಟರಿಗೆ ದುಡ್ಡು ಹಾಕಿದ್ದಾರೆ. "ಒಂದು ಬಿಟ್ಟು ಒಂದು" ಅನ್ನೋದು ಬಿಲ್ಲಿಗೆ ಮಾತ್ರ ಅನ್ವಯಿಸಿದೆ. ನನ್ನ ಹೆಂಡತಿ ನಗ್ತಾ ಇದ್ದಾಳೆ.

ಸ್ಯಾನ್ ಹೊಸೆ ಶೆಟ್ಟರು

ಗ್ಯಾರೇಜಿನವರು ಮಾಡಿದ್ದು ಮೋಸ, ಅದರಲ್ಲಿ ಎರಡು ಮಾತಿಲ್ಲ. ಆದರೆ "ಒಂದು ಬಿಟ್ಟು ಒಂದು" ಅನ್ನೋದೇ ತಪ್ಪು ಅಂತ ಹೇಳೋಕಾಗಲ್ಲ. ನಾನಿಲ್ಲಿ ಅಮೆರಿಕದಲ್ಲಿ ಓಡಿಸೋ ಹೋಂಡಾದಲ್ಲಿ ಸರ್ವೀಸ್ ಬಂದಾಗ ಮೀಟರ್ ಮೇಲೆ ಅಕ್ಷರ ತೋರಿಸುತ್ತೆ. ಎ ಬಂದರೆ ಆಯಿಲ್ ಮಾತ್ರ, ಬಿ ಬಂದರೆ ಆಯಿಲ್ ಜೊತೆ ಫಿಲ್ಟರ್. ಮ್ಯಾನುಯಲ್‌ನಲ್ಲೇ ಹಾಗಿದೆ. ಪ್ರತಿ ಸಲ ಫಿಲ್ಟರ್ ಎಸೆಯೋದು ಅನವಶ್ಯಕ ಅನ್ನೋದು ನನ್ನ ಅಭಿಪ್ರಾಯ.

ಗ್ರೀಸ್ ಕೈ (ಹುಬ್ಬಳ್ಳಿ)

ಶೆಟ್ಟರ, ನಿಮ್ಮ ಗಾಡಿಗೆ ನಿಮ್ಮ ಪುಸ್ತಕ ಹೇಳಿದ್ದು ಖರೆ. ಅಲ್ಲಿ ಗಾಡಿನೇ ಲೆಕ್ಕ ಇಟ್ಟು ಹೇಳತೈತಿ. ಇಲ್ಲಿ ಲೆಕ್ಕ ಇಡಾವ್ರು ಯಾರು? ಮಿಸ್ತ್ರಿ ನೆನಪು.

ಈ ಮಾತು ಎಲ್ಲಿಂದ ಬಂತು ಹೇಳ್ತೀನಿ ಕೇಳ್ರಿ. ನಾ ಗ್ಯಾರೇಜ್ ಸೇರಿದಾಗ ಮಿನರಲ್ ಆಯಿಲ್, 5,000 ಕಿ.ಮೀ.ಗೆ ಬದಲಿ. ಫಿಲ್ಟರ್ 10,000ಕ್ಕ. ಆಯಿಲ್ ಎರಡ ಸಲ, ಫಿಲ್ಟರ್ ಒಂದ ಸಲ. ನಮ್ಮ ಉಸ್ತಾದ್ ಕಲಿಸಿದ್ದು ಅದ, ಆ ಕಾಲಕ್ಕ ಲೆಕ್ಕ ಬರೋಬರಿ ಇತ್ತು. ಆಮೇಲೆ ಆಯಿಲ್ ಸುಧಾರಿಸಿತು. ಮಾರುತಿ ಪೆಟ್ರೋಲ್ ಗಾಡಿಗೆ ಈಗ 10,000 ಕಿ.ಮೀ. ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದು. ಆಯಿಲ್ ದಾರಿ ಎರಡ ಪಟ್ಟು ಉದ್ದ ಆತು, ಉಸ್ತಾದ್ ಮಾತು ಹಂಗ ಉಳೀತು. ಈಗ ಒಂದು ಬಿಟ್ಟು ಒಂದು ಅಂದ್ರ ಫಿಲ್ಟರಿಗೆ 20,000 ಕಿ.ಮೀ., ಎರಡು ವರ್ಷ. ಯಾರೂ ಸುಳ್ಳು ಹೇಳಲಿಲ್ಲ, ಲೆಕ್ಕ ತಿದ್ದೂದು ಮರತ್ರು ಅಷ್ಟ.

ಫಿಲ್ಟರ್ ಕಟ್ಟಿಕೊಂಡ್ರೂ ಯಾಕ ಗೊತ್ತಾಗಂಗಿಲ್ಲ ಅಂದ್ರ, ಆಯಿಲ್ ನಿಲ್ಲಂಗಿಲ್ಲ. ಒಳಗೊಂದು ಸ್ಪ್ರಿಂಗ್ ವಾಲ್ವ್ ಇರತೈತಿ. ಕಾಗದದಾಗ ದಾರಿ ಬಂದ್ ಆತು ಅಂದ್ರ ಅದು ತೆರೆದು ಸೋಸದ ಆಯಿಲನ್ನ ಸೀದಾ ಬೇರಿಂಗಿಗೆ ಬಿಡತೈತಿ. ಇಂಜಿನ್ ಒಣಗಿ ಸಾಯೂದಕ್ಕಿಂತ ಹೊಲಸು ಆಯಿಲ್ ಕುಡೀಲಿ ಅಂತ ಮಾಡಿದ ಯವಸ್ಥಾ. ಗಾಡಿ ಓಡ್ತಿರತೈತಿ, ಮಾಲಕಗ ಸಮಾಧಾನ, ಬೇರಿಂಗ್ ಮಾತ್ರ ಸವೀತಿರತೈತಿ.

ಮತ್ತ ಹಳೇ ಫಿಲ್ಟರ್ ಬಿಟ್ರ ಅದರಾಗ ಸುಮಾರು 200 ಮಿ.ಲೀ. ಕರಿ ಆಯಿಲ್ ಉಳೀತೈತಿ. ನಿಮ್ಮ ಗಾಡಿಗೆ ಹಿಡಿಯೂದ ಮೂರು ಲೀಟರ್ ಆಸುಪಾಸು. ಹೊಸಾ ಸಾರಿಗೆ ನಿನ್ನೆ ಹಳಸಿದ್ದು ಒಂದು ಸೌಟು ಹಾಕಿದಂಗ.

ಪುತ್ತೂರು ಡೀಸೆಲ್

"ಹೊಸಾ ಸಾರಿಗೆ ಒಂದು ಸೌಟು" ಚೆಂದ ಉಂಟು.

ಕಿಟ್ಟಿಯವರ ಓಡಾಟದ ಬಗ್ಗೆಯೂ ಒಂದು ಮಾತು. ಕಮ್ಮಿ ಓಡಿದೆ, ಹಾಗಾಗಿ ಫಿಲ್ಟರ್ ಹೊಸದೇ ಅಂತ ಲೆಕ್ಕ ಹಾಕ್ಲಿಕ್ಕಾಗುದಿಲ್ಲ. ಮೂರು ಕಿ.ಮೀ. ಸ್ಕೂಲ್ ಟ್ರಿಪ್‌ನಲ್ಲಿ ಇಂಜಿನ್ ಸರಿ ಬಿಸಿಯೇ ಆಗುದಿಲ್ಲ. ಒಳಗಿನ ನೀರಿನ ಪಸೆ, ಉರಿಯದ ಪೆಟ್ರೋಲ್ ಎಲ್ಲ ಆಯಿಲಿನಲ್ಲೇ ಉಳಿಯುತ್ತದೆ. ಮ್ಯಾನುಯಲ್ ಹಿಂದಿನ ಪುಟಗಳಲ್ಲಿ ಧೂಳು, ಸಣ್ಣ ಓಡಾಟ, ಇಂಥ ಬಳಕೆಗೆ ಬೇರೆಯೇ ಪಟ್ಟಿ ಉಂಟು, ಅದನ್ನು ಯಾರೂ ತೆರೆದು ನೋಡುವುದಿಲ್ಲ.

ನನ್ನದು ಡಿಡಿಐಎಸ್ (ಮಾರುತಿಯ ಡೀಸೆಲ್ ಇಂಜಿನ್), ಅದಕ್ಕೆ ಡಬ್ಬದ ಫಿಲ್ಟರ್ ಅಲ್ಲ, ಮುಚ್ಚಳ ತೆಗೆದು ಒಳಗಿನ ಕಾಗದದ ಸುರುಳಿ ಮಾತ್ರ ಬದಲಿಸುವುದು. ಆ ಮುಚ್ಚಳದ ಓ-ರಿಂಗ್ ಕೂಡ ಹೊಸದು ಹಾಕಬೇಕು. ಡೀಸೆಲ್‌ನವರು ಯಾರಾದರೂ ಓದುತ್ತಿದ್ದರೆ ಇರಲಿ ಅಂತ ಹೇಳಿದೆ.

ಕೆ.ಆರ್. ಪೇಟೆ ಕಿಟ್ಟಿ

ಭಾನುವಾರ ನಾವೇ ಬದಲಿಸಿದೆವು! ಇಂಜಿನ್ ಸ್ವಲ್ಪ ಬಿಸಿ ಮಾಡಿ, ಸ್ಟ್ಯಾಂಡ್ ಕೊಟ್ಟು, ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬಿಚ್ಚಿ. ಬಿಚ್ಚೋಕೆ ಅರ್ಧ ಗಂಟೆ ಹಿಡೀತು, ಕೊನೆಗೆ ಚೈನ್ ಪಾನಾ ತಂದೆವು. ಹೊಸದು ಕೈಯಲ್ಲೇ ಬಿಗಿ ಮಾಡಿದೆ. ಸ್ಟಾರ್ಟ್ ಮಾಡಿದ ತಕ್ಷಣ ಫಿಲ್ಟರ್ ಬುಡದಿಂದ ಆಯಿಲ್ ಧಾರೆ! ಹತ್ತು ಸೆಕೆಂಡೂ ಇಲ್ಲ, ಅಷ್ಟರಲ್ಲೇ ನೆಲದ ಮೇಲೆ ಕೆರೆ. ಬಂದ್ ಮಾಡಿ ಕೂತಿದ್ದೀನಿ. ಇನ್ನೂ ಬಿಗಿ ಮಾಡಲಾ?

ಗ್ರೀಸ್ ಕೈ (ಹುಬ್ಬಳ್ಳಿ)

ಮಾಡಬ್ಯಾಡ್ರಿ, ಮುಟ್ಟಬ್ಯಾಡ್ರಿ! ಬಿಚ್ಚಿದ ಹಳೇ ಫಿಲ್ಟರ್ ಬಾಯಿ ನೋಡ್ರಿ. ಸುತ್ತ ಕರಿ ರಬ್ಬರ್ ರಿಂಗ್ ಐತೇನು? ಇಲ್ಲಂದ್ರ ಅದು ಇಂಜಿನ್‌ಗೇ ಅಂಟಿಕೊಂಡೈತಿ, ಅದರ ಮ್ಯಾಲೆ ನೀವು ಹೊಸಾದು ಕುಂದ್ರಿಸೀರಿ.

ಕೆ.ಆರ್. ಪೇಟೆ ಕಿಟ್ಟಿ

ಇಲ್ಲ! ಹಳೇದರ ಬಾಯಿ ಬರೀ ತಗಡು.

ಗ್ರೀಸ್ ಕೈ (ಹುಬ್ಬಳ್ಳಿ)

ಸಿಕ್ತು. ಹೊಸಾದನ್ನ ಬಿಚ್ರಿ. ಇಂಜಿನ್ ಕಡೆ ಬೆರಳಾಡಿಸ್ರಿ, ಕಣ್ಣಿಗೆ ಕಾಣಂಗಿಲ್ಲ, ಉಗುರಿಗೆ ಸಿಗತೈತಿ. ಹಳೇ ರಿಂಗ್ ಎಬ್ಬಿಸಿ ಒಣ ಬಟ್ಟೆಯಿಂದ ಜಾಗ ಒರಸ್ರಿ. ಹೊಸಾ ರಿಂಗಿಗೆ ಹೊಸಾ ಆಯಿಲ್ ಬೆರಳಿಲೆ ಸವರ್ರಿ. ರಬ್ಬರ್ ತಾಗೂತನಕ ತಿರುಗಿಸ್ರಿ, ತಾಗಿದ ಮ್ಯಾಲೆ ಮುಕ್ಕಾಲು ಸುತ್ತು, ಮುಗೀತು. ಚೈನ್ ಪಾನಾ ಬಿಚ್ಚಾಕಷ್ಟ, ಬಿಗಿ ಮಾಡಾಕಲ್ಲ. ಚೇಂಬರ್ ಬೋಲ್ಟಿನ ವಾಶರ್ ಹೊಸಾದು ಹಾಕೀರಿಲ್ಲೋ? ಫಿಲ್ಟರ್ ಬಾಯಿ ಮ್ಯಾಲಾಗಿ ನಿಲ್ಲೂ ಹಂಗಿದ್ರ ಮೊದಲ ಆಯಿಲ್ ತುಂಬಿಸಿ ಹಾಕಬಹುದು, ಅಡ್ಡ ಮಲಗಿದ್ರ ಚೆಲ್ಲತೈತಿ, ಬಿಡ್ರಿ. ಸೋರಿದಷ್ಟು ಆಯಿಲ್ ಮತ್ತ ಹಾಕಿ ಗೇಜ್ ನೋಡಿ ಸ್ಟಾರ್ಟ್ ಮಾಡ್ರಿ. ರೇಸ್ ಕೊಡಬ್ಯಾಡ್ರಿ.

ಕೆ.ಆರ್. ಪೇಟೆ ಕಿಟ್ಟಿ

ಮೂರು ದಿನ ನೋಡಿ ಬರೀತಿದ್ದೀನಿ. ಹಳೇ ರಿಂಗ್ ಅಲ್ಲೇ ಇತ್ತು. ಉಗುರಲ್ಲಿ ಎಬ್ಬಿಸಿದರೆ ಮುರಿದು ಮುರಿದು ಬಂತು, ರಬ್ಬರ್ ಅನ್ನೋ ಗುಣವೇ ಇರಲಿಲ್ಲ. ಈಗ ಒಂದು ಹನಿ ಸೋರಿಲ್ಲ. ವಾಶರ್ ಹಾಕಿದ್ದೆ, ಅಂಗಡಿಯವನೇ ನೆನಪಿಸಿದ್ದ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಆಯಿಲ್ ದೀಪ ಒಂದು ಸೆಕೆಂಡಿಗೆ ಆರುತ್ತೆ. ಸದ್ದು ಮೊದಲ ದಿನವೇ ಹೋಯ್ತು. ಟೈಮಿಂಗ್ ಚೈನ್ ಸದ್ಯಕ್ಕೆ ಬಚಾವ್.

ಹಳೇ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಆಯಿಲ್ ಇಳಿಸಿ, ಗರಗಸದಲ್ಲಿ ಕುಯ್ದೆವು. ಮಡಿಕೆ ಮಡಿಕೆ ಕಾಗದ, ಸೀರೆ ನೆರಿಗೆ ಹಿಡಿದ ಹಾಗೆ. ನೆರಿಗೆಗಳ ನಡುವೆ ಕಾಡಿಗೆಯಂಥ ಕಪ್ಪು ಜಿಡ್ಡು. ಕೆಲವು ಕಡೆ ನೆರಿಗೆ ಒಂದಕ್ಕೊಂದು ಅಂಟಿ ಗಟ್ಟಿಯಾಗಿತ್ತು. ಆ ರಬ್ಬರ್ ಬಿಲ್ಲೆ ಹೊಸ ಫಿಲ್ಟರಲ್ಲಿ ಬೆರಳಿಟ್ಟರೆ ಬಾಗಿ ವಾಪಸ್ ಕೂರುತ್ತೆ, ಇದರಲ್ಲಿ ಒತ್ತಿದರೆ ಹಪ್ಪಳದ ಹಾಗೆ ಟಪ್ ಅಂತ ಬಿರುಕು ಬಿಡ್ತು. ಲೋಹದ ಚೂರೇನಾದರೂ ಮಿಂಚುತ್ತಾ ಅಂತ ಜಿಡ್ಡನ್ನು ಬಿಸಿಲಿಗೆ ಹಿಡಿದು ನೋಡಿದೆ, ಕಾಣಲಿಲ್ಲ.

ಸ್ಯಾನ್ ಹೊಸೆ ಶೆಟ್ಟರು

ನಾಲ್ಕು ವರ್ಷದ ರಬ್ಬರ್ ಕಥೆ ಕೇಳಿದ ಮೇಲೆ ನನ್ನದರ ಮೇಲೂ ದಿನಾಂಕ ಬರೆದಿಡ್ತೀನಿ. ಹಳೇ ಆಯಿಲ್ ಏನು ಮಾಡಿದಿರಿ? ಚರಂಡಿಗಂತೂ ಸುರಿಯಬೇಡಿ.

ಕೆ.ಆರ್. ಪೇಟೆ ಕಿಟ್ಟಿ

ಹಳೇ ಆಯಿಲ್ ಕ್ಯಾನಿಗೇ ತುಂಬಿ, ರೀಸೈಕ್ಲಿಂಗ್‌ಗೆ ಒಟ್ಟುಮಾಡೋ ಸರ್ವೀಸ್ ಸೆಂಟರಿಗೆ ಕೊಟ್ಟು ಬಂದೆ. ಹೊಸ ಫಿಲ್ಟರ್ ಮೇಲೆ ಕಿ.ಮೀ., ದಿನಾಂಕ ನಾನೇ ಬರೆದೆ, ಮುಂದಿನ ವರ್ಷ ಇದೇ ತಿಂಗಳು ಆಯಿಲ್ ಜೊತೆ ಇದೂ ಹೋಗುತ್ತೆ.

ಪುತ್ತೂರು ಡೀಸೆಲ್

ಆ ಕುಯ್ದ ಫಿಲ್ಟರನ್ನು ಗ್ಯಾರೇಜಿನವರಿಗೆ ತೋರಿಸಿದಿರಾ?

ಕೆ.ಆರ್. ಪೇಟೆ ಕಿಟ್ಟಿ

ಬಿಲ್ ಸಮೇತ ತಗೊಂಡು ಹೋಗಿದ್ದೆ. ಫಿಲ್ಟರಿನ ದುಡ್ಡು ವಾಪಸ್ ಕೊಟ್ಟರು. ಆಮೇಲೆ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ನಾಲ್ಕು ವರ್ಷ ಬಂದಿದೆ ನೋಡಿ ಸಾರ್, ಮುಂದಕ್ಕೂ ಇದೇ ಕಂಪನಿದು ಹಾಕಿಸಿ" ಅಂದರು.