ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸಿದ ಮೇಲೆ ಇಂಜಿನ್‌ನಲ್ಲಿ ಟಿಕ್ ಟಿಕ್ ಸದ್ದು, ಎಲ್ಲಿಂದ?

ನೀಲಿಹ್ಯಾಚ್:

ಎಲ್ಲರಿಗೂ ನಮಸ್ಕಾರ. ಗಾಡಿ 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, ಸಾಕಷ್ಟು ಓಡಿದೆ. ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ವಾಲ್ವ್ ಭಾಗದ ಮುಚ್ಚಳ) ಅಂಚಿನಿಂದ ಆಯಿಲ್ ಜಿನುಗಿ ಎಕ್ಸಾಸ್ಟ್ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತಿತ್ತು. ಮನೆಯಲ್ಲೇ ಕವರ್ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕಿದೆ. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್‌ಗಳು ಹೇಗೂ ಹೊರಗೆ ಬಂದಿದ್ದವು, ಪ್ಲಗ್‌ಗಳನ್ನೂ ಬದಲಿಸಿಬಿಟ್ಟೆ. ಹೀಟ್ ಶೀಲ್ಡ್ ತಗಡು ಬಿಚ್ಚಿ, ಕೆಳಗೆ ಅಂಟಿದ್ದ ಹಳೇ ಆಯಿಲ್ ಒರೆಸಿ, ಮತ್ತೆ ಕೂರಿಸಿದೆ.

ಆಯಿಲ್ ಸೋರುವುದು ನಿಂತಿದೆ. ಆದರೆ ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಅಂತ ಸದ್ದು. ರೇಸ್ ಮಾಡಿದರೆ ಅದೂ ಜೋರಾಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಹೆಚ್ಚುಕಮ್ಮಿ ಕೇಳಿಸುವುದೇ ಇಲ್ಲ. ಪಿಕಪ್ ಸರಿಯಿದೆ, ಮೀಟರ್‌ನಲ್ಲಿ ಯಾವ ಲೈಟೂ ಇಲ್ಲ, ಆಯಿಲ್ ಲೆವೆಲ್ ಸರಿಯಾಗಿದೆ. ಮತ್ತೆ ಎಲ್ಲ ಬಿಚ್ಚಬೇಕಾ?

ಸ್ಪ್ಯಾನರ್‌ಮೂರ್ತಿ:

ಪ್ಲಗ್ ಸಡಿಲ. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಕೈ ಎಲ್ಲಿ ಹೋಗಿತ್ತೋ ಮೊದಲು ಅಲ್ಲೇ ನೋಡಬೇಕು. ಟಾರ್ಕ್ ರೆಂಚ್ ಹಾಕಿದ್ರಾ?

ನೀಲಿಹ್ಯಾಚ್:

ಹಾಕಿದ್ದೆ ಸರ್. 14 ಮಿ.ಮೀ. ಥ್ರೆಡ್ ಪ್ಲಗ್, ಬುಕ್‌ನಲ್ಲಿದ್ದ ಹಾಗೆ 25 ನ್ಯೂಟನ್ ಮೀಟರ್.

ಓಡ್ಸೋಣಬನ್ನಿ:

ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸೆಟಿಂಗ್ ಮಾಡಿಸಿ, ಸರಿಹೋಗುತ್ತೆ. ಇಲ್ಲ ಅಂದ್ರೆ ಸ್ವಲ್ಪ ದಪ್ಪ ಆಯಿಲ್ ಹಾಕಿ.

ಗ್ರೀಸ್‌ಕೈ:

ದಪ್ಪ ಆಯಿಲ್ ಮಾತ್ರ ದಯವಿಟ್ಟು ಹಾಕಬೇಡಿ. ಸದ್ದು ಮುಚ್ಚಿಕೊಳ್ಳಬಹುದು, ಕಾರಣ ಅಲ್ಲೇ ಇರುತ್ತದೆ. ಮೊದಲು ಸದ್ದನ್ನು ಸರಿಯಾಗಿ ಕೇಳೋಣ.

ಸ್ಲೋನಲ್ಲಿ ಇಂಜಿನ್ ಸುಮಾರು 800 ಆರ್‌ಪಿಎಂ ಅಂತ ಇಟ್ಟುಕೊಳ್ಳಿ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ದಂಡ ಅದರ ಅರ್ಧ ವೇಗದಲ್ಲಿ, ಅಂದರೆ ನಿಮಿಷಕ್ಕೆ 400 ಸಲ ತಿರುಗುತ್ತದೆ. ಒಂದು ವಾಲ್ವ್‌ನ ಟ್ಯಾಪೆಟ್ ಬಡಿದರೆ ನಿಮಿಷಕ್ಕೆ 400 ಟಿಕ್. ತಮಾಷೆ ನೋಡಿ, ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯುವುದೂ ಎರಡು ಸುತ್ತಿಗೆ ಒಂದು ಸಲ, ಅದೂ ನಿಮಿಷಕ್ಕೆ 400. ಪ್ಲಗ್ ಬುಡದಿಂದ ಗ್ಯಾಸ್ ಲೀಕ್ ಆಗಲಿ, ಎಕ್ಸಾಸ್ಟ್ ಪ್ಯಾಕಿಂಗ್‌ನಿಂದ ಆಗಲಿ, ಟ್ಯಾಪೆಟ್ ಆಗಲಿ, ಮೂರರ ತಾಳವೂ ಒಂದೇ. ಅದಕ್ಕೇ ಒಳ್ಳೆ ಮೆಕ್ಯಾನಿಕ್‌ಗಳೂ ಎಕ್ಸಾಸ್ಟ್ ಲೀಕನ್ನು ಟ್ಯಾಪೆಟ್ ಸದ್ದು ಅಂದುಕೊಳ್ಳುತ್ತಾರೆ. ಬರೀ ಕಿವಿ ಕೊಟ್ಟರೆ ಸಾಲದು.

ಬೇರೆ ಮಾಡುವ ದಾರಿ ಇದು. ನಿಮ್ಮದು ಪೋರ್ಟ್ ಇಂಜೆಕ್ಷನ್ (ಪೆಟ್ರೋಲನ್ನು ಸಿಲಿಂಡರ್ ಒಳಗಲ್ಲ, ಅದಕ್ಕೆ ಗಾಳಿ ಹೋಗುವ ದಾರಿಯಲ್ಲಿ ಚಿಮ್ಮಿಸುವ ಬಗೆ) ಆದರೆ ಮಾತ್ರ ಮಾಡಿ. ಇಂಜಿನ್ ತಣ್ಣಗಿರಬೇಕು, ಸದ್ದು ಇರುವಾಗಲೇ ಪರೀಕ್ಷೆ ಆಗಬೇಕು. ಇಂಜಿನ್ ಆಫ್ ಮಾಡಿ 1ನೇ ಸಿಲಿಂಡರ್‌ನ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಕೇಳಿ. ಇಂಜಿನ್ ನಡುಗುತ್ತದೆ, ಚೆಕ್ ಲೈಟ್ ಬರುತ್ತದೆ, ಹೆದರಬೇಡಿ. ಆಫ್ ಮಾಡಿ, ಕನೆಕ್ಟರ್ ವಾಪಸ್ ಹಾಕಿ, ಮುಂದಿನದಕ್ಕೆ ಹೋಗಿ. ಕಾಯಿಲ್ ಬಿಚ್ಚಿ ನೋಡುವವರೂ ಇದ್ದಾರೆ, ನನಗೆ ಅದು ಇಷ್ಟವಿಲ್ಲ. ಉರಿಯದ ಪೆಟ್ರೋಲ್ ನೇರ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ಇಂಜೆಕ್ಟರ್ ಬಿಚ್ಚಿದರೆ ಆ ಸಿಲಿಂಡರ್‌ಗೆ ಪೆಟ್ರೋಲೇ ಬರುವುದಿಲ್ಲ.

ಯಾವುದೋ ಒಂದನ್ನು ಬಿಚ್ಚಿದಾಗ ಟಿಕ್ ನಿಂತರೆ ಅಥವಾ ತೀರಾ ಕಮ್ಮಿಯಾದರೆ, ಆ ಸಿಲಿಂಡರ್‌ನ ಉರಿತಕ್ಕೂ ಸದ್ದಿಗೂ ಸಂಬಂಧ ಇದೆ. ಪ್ಲಗ್ ಇಲ್ಲವೇ ಎಕ್ಸಾಸ್ಟ್. ಎಲ್ಲವನ್ನೂ ಒಂದೊಂದಾಗಿ ಬಿಚ್ಚಿದರೂ ಸದ್ದು ಹಾಗೇ ಇದ್ದರೆ ಟ್ಯಾಪೆಟ್ ಕಡೆ ನೋಡಿ, ಅದಕ್ಕೆ ಉರಿತದ ಹಂಗಿಲ್ಲ. ಇಂಜೆಕ್ಟರ್‌ಗಳೂ ಸಣ್ಣಗೆ ಟಿಕ್ ಅನ್ನುತ್ತವೆ, ಆದರೆ ಆ ಸದ್ದು ತಣ್ಣಗಿದ್ದರೂ ಬಿಸಿಯಾದರೂ ಒಂದೇ ರೀತಿ ಇರುತ್ತದೆ. ನಿಮ್ಮದು ಬಿಸಿಯಾದ ಮೇಲೆ ಹೋಗುತ್ತದಲ್ಲ, ಅಲ್ಲೇ ನನಗೆ ಎಕ್ಸಾಸ್ಟ್ ಮೇಲೆ ಅನುಮಾನ. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ.

ಆಮೇಲೆ ಅರ್ಧ ಇಂಚಿನ ರಬ್ಬರ್ ಪೈಪ್ ತೆಗೆದುಕೊಂಡು ಒಂದು ತುದಿ ಕಿವಿಗೆ ಇಟ್ಟು, ಇನ್ನೊಂದನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರ್‌ಗಳ ಹೊಗೆ ಒಟ್ಟುಗೂಡಿಸುವ ಕೊಳವೆ) ಇಂಜಿನ್‌ನ ಮೇಲ್ಭಾಗವಾದ ಹೆಡ್‌ಗೆ ಕೂಡುವ ಜಾಗದುದ್ದಕ್ಕೂ ಹತ್ತಿರ ಹಿಡಿದು ಸರಿಸಿ. ಮುಟ್ಟಿಸಬೇಡಿ. ಲೀಕ್ ಇರುವಲ್ಲಿ ಸದ್ದು ಕಿವಿಗೇ ಬಡಿಯುತ್ತದೆ. ಉದ್ದ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳುವುದು ಟ್ಯಾಪೆಟ್‌ಗೆ ಒಳ್ಳೆಯದು, ಗಾಳಿ ಲೀಕ್‌ಗೆ ಪೈಪೇ ಸರಿ. ತೋಳು, ದಾರ, ಕೂದಲು ಬೆಲ್ಟ್ ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ಎಲೆಕ್ಟ್ರಿಕ್ ಫ್ಯಾನ್ ಯಾವಾಗ ಬೇಕಾದರೂ ತಿರುಗುತ್ತದೆ. ಶೆಡ್ ಬಾಗಿಲು ಹಾಕಿಕೊಂಡು ಇದನ್ನೆಲ್ಲ ಮಾಡಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಹಾಗೇ ಒಂದು ಮಾತು. ಟಿಕ್ ಬದಲು ಕೆಳಗಿನಿಂದ ಢಕ್ ಢಕ್ ಅಂತ ಭಾರವಾದ ಸದ್ದು ಬಂದರೆ, ಅಥವಾ ಆಯಿಲ್ ಲೈಟ್ ಹತ್ತಿದರೆ, ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಅಲ್ಲೇ ಆಫ್ ಮಾಡಿ.

ಸ್ಪ್ಯಾನರ್‌ಮೂರ್ತಿ:

ಮೇಡಂ ಹೇಳಿದ್ದು ಸರಿ. ಆದರೂ ಪ್ಲಗ್ ನೋಡುವುದು ಹತ್ತು ನಿಮಿಷದ ಕೆಲಸ. ಪಿಂಗಾಣಿ ಭಾಗದ ಬುಡದಲ್ಲಿ ಅಥವಾ ಥ್ರೆಡ್ ಮೇಲೆ ಮಸಿ ಗೆರೆ ಎದ್ದಿದೆಯಾ, ವಾಷರ್ ಒತ್ತಿ ಚಪ್ಪಟೆ ಆಗಿದೆಯಾ ನೋಡಿ. ಗುಂಡಿಯಲ್ಲಿ ಮರಳಿನ ಕಣ ಬಿದ್ದಿದ್ದರೂ ಪ್ಲಗ್ ಸರಿಯಾಗಿ ಕೂರಲ್ಲ, ರೆಂಚ್ ಮಾತ್ರ 25 ತೋರಿಸುತ್ತೆ.

ನೀಲಿಹ್ಯಾಚ್:

ಮಾಡಿ ನೋಡಿದೆ. 1, 2, 3 ಬಿಚ್ಚಿದಾಗ ಇಂಜಿನ್ ನಡುಗಿತು, ಟಿಕ್ ಹಾಗೇ ಇತ್ತು. 4ನೇದು ಬಿಚ್ಚಿದ ಕೂಡಲೇ ಸದ್ದು ಮಾಯ! ನಂಬಲಿಕ್ಕೇ ಆಗಲಿಲ್ಲ, ವಾಪಸ್ ಹಾಕಿ ಮತ್ತೆ ಬಿಚ್ಚಿ ನೋಡಿದೆ.

ಸ್ಪ್ಯಾನರ್‌ಮೂರ್ತಿ ಸರ್ ಹೇಳಿದ ಹಾಗೆ 4ನೇ ಪ್ಲಗ್ ತೆಗೆದೆ. ಥ್ರೆಡ್ ಶುದ್ಧವಾಗಿದೆ, ವಾಷರ್ ಸುತ್ತಲೂ ಸಮವಾಗಿ ಒತ್ತಿದೆ. ಆಮೇಲೆ ಪೈಪ್ ಹಿಡಿದು ಕೇಳಿದರೆ ಮ್ಯಾನಿಫೋಲ್ಡ್‌ನ ಆ ತುದಿಯಲ್ಲಿ ಪಟ್ ಪಟ್ ಅಂತ ಕಿವಿಗೆ ಹೊಡೆಯಿತು. ಹೀಟ್ ಶೀಲ್ಡ್ ಬಿಚ್ಚಿದರೂ ಮೇಲಿನಿಂದ ಏನೂ ಕಾಣಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಕೆಳಗಿನಿಂದ ವಿಡಿಯೋ ತೆಗೆದೆ. ಹೆಡ್‌ನ ಅಲ್ಯೂಮಿನಿಯಂ ಮೇಲೆ ಪ್ಯಾಕಿಂಗ್ ಅಂಚಿನಿಂದ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ಅದರ ಪಕ್ಕ ಕೆಳಸಾಲಿನ ಕೊನೇ ಸ್ಟಡ್‌ನಲ್ಲಿ (ಮ್ಯಾನಿಫೋಲ್ಡ್ ಹಿಡಿಯಲು ಹೆಡ್‌ಗೆ ಕೂರಿಸಿದ ಥ್ರೆಡ್ ಕಡ್ಡಿ) ನಟ್ಟೇ ಇಲ್ಲ. ಸ್ಟಡ್ ತುಂಡಾಗಿದೆ, ಒಂದೆರಡು ಥ್ರೆಡ್ ಮಾತ್ರ ಹೊರಗೆ ಕಾಣುತ್ತಿದೆ. ತುಂಡಾದ ಮುಖ ಪೂರ್ತಿ ತುಕ್ಕು ಹಿಡಿದಿದೆ.

ಗ್ರೀಸ್‌ಕೈ:

ಮುಖಕ್ಕೆ ತುಕ್ಕು ಹಿಡಿದಿದೆ ಅಂದರೆ ಅದು ತುಂಡಾಗಿ ಬಹಳ ಕಾಲವಾಗಿದೆ. ನಿಮ್ಮ ರಿಪೇರಿಗೂ ಅದಕ್ಕೂ ಸಂಬಂಧ ಇಲ್ಲ. ಸಂದಿನಲ್ಲಿ ಕಟ್ಟಿದ್ದ ಆಯಿಲ್ ಮತ್ತು ಮಸಿ ಒಂದಷ್ಟು ಲೀಕನ್ನು ತಡೆದಿರಬಹುದು, ನೀವು ಒರೆಸಿದ ಮೇಲೆ ಬಾಯಿ ತೆರೆದಿರಬಹುದು. ಇದು ನನ್ನ ಊಹೆ ಅಷ್ಟೆ. ಮ್ಯಾನಿಫೋಲ್ಡ್ ಉದ್ದುದ್ದಕ್ಕೆ ಹಿಗ್ಗಿ ಕುಗ್ಗುವಾಗ ಹೆಚ್ಚು ಎಳೆತ ಬೀಳುವುದು ತುದಿಯ ಸ್ಟಡ್‌ಗಳಿಗೇ, ತುಂಡಾಗುವುದೂ ಸಾಮಾನ್ಯವಾಗಿ ಅವೇ.

ಹಾಗೇ ಬಿಡಬೇಡಿ. ಲೀಕ್, ಹೊಗೆಯಲ್ಲಿರುವ ಆಕ್ಸಿಜನ್ ಅಳೆಯುವ ಸೆನ್ಸರ್‌ಗಿಂತ ಮೊದಲೇ ಇದೆ. ಅಲ್ಲಿ ಹೊರಗಿನ ಗಾಳಿ ಒಳಗೆ ಎಳೆದುಕೊಂಡರೆ ಸೆನ್ಸರ್ ಪೆಟ್ರೋಲ್ ಕಮ್ಮಿ ಇದೆ ಅಂದುಕೊಳ್ಳುತ್ತದೆ, ಕಂಪ್ಯೂಟರ್ ಸುಮ್ನೆ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಸರಿಯಾಗುವವರೆಗೆ ಒಳಗೆ ಹೊಗೆ ವಾಸನೆ ಬಂದರೆ ಕಿಟಕಿ ಇಳಿಸಿ, ಗಾಡಿ ನಿಲ್ಲಿಸಿ.

ಸ್ಪ್ಯಾನರ್‌ಮೂರ್ತಿ:

ನನ್ನ ಪ್ಲಗ್ ಭವಿಷ್ಯ ಉಲ್ಟಾ ಹೊಡೀತು, ಇರಲಿ. ಸ್ಟಡ್ ವಿಷಯಕ್ಕೆ ಬರೋಣ. ತುಕ್ಕು ಬಿಡಿಸುವ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ. ಮ್ಯಾನಿಫೋಲ್ಡ್ ಇಳಿಸಿದ ಮೇಲೆ ಥ್ರೆಡ್ ಇನ್ನಷ್ಟು ಉದ್ದ ಕಾಣುತ್ತೆ. ಎರಡು ನಟ್ ಒಂದಕ್ಕೊಂದು ಬಿಗಿದು ಒಳಗಿನದನ್ನು ತಿರುಗಿಸಿ. ಬರಲಿಲ್ಲವಾ, ನಿಲ್ಲಿಸಿ. ವೆಲ್ಡಿಂಗ್ ಮಾಡುವವರು ಸ್ಟಡ್ ತುದಿಗೆ ಒಂದು ನಟ್ ಬೆಸೆದು ತೆಗೆಯುತ್ತಾರೆ, ಆ ಬಿಸಿಗೇ ಅರ್ಧ ಸಡಿಲವಾಗುತ್ತೆ. ಡ್ರಿಲ್ ಹಾಕಿ ಎಕ್ಸ್‌ಟ್ರ್ಯಾಕ್ಟರ್ (ಮುರಿದ ಸ್ಟಡ್ ತಿರುಗಿಸಿ ತೆಗೆಯುವ ಸಾಧನ) ತುರುಕುವ ಧೈರ್ಯ ಬೇಡ. ಅದು ಗಟ್ಟಿ ಉಕ್ಕು, ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯೋದೇ ಇಲ್ಲ.

ನೀಲಿಹ್ಯಾಚ್:

ಸರಿ ಸರ್. ಹಳೇ ಪ್ಯಾಕಿಂಗ್‌ನ್ನೇ ಮತ್ತೆ ಹಾಕಬಹುದಾ?

ಗ್ರೀಸ್‌ಕೈ:

ಬೇಡ, ಹೊಸದೇ ಹಾಕಿ. ಸ್ಟಡ್ ಮತ್ತು ನಟ್ ಕೂಡ ಪೂರ್ತಿ ಸೆಟ್ ಬದಲಿಸಿ, ಒಂದು ತುಂಡಾಗಿದೆ ಅಂದರೆ ಉಳಿದವುಗಳ ವಯಸ್ಸೂ ಅಷ್ಟೇ ಅಲ್ವಾ. ಮ್ಯಾನಿಫೋಲ್ಡ್ ಮುಖದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ನಡುವೆ ಅಥವಾ ತುದಿಯಲ್ಲಿ ಬೆಳಕು ತೂರಿ ಬಂದರೆ ಬಾಗಿದೆ ಅಂತ, ಮುಖ ಮಟ್ಟ ಮಾಡಿಸಿಯೇ ಕೂರಿಸಿ. ನಟ್‌ಗಳನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಟಾರ್ಕ್ ಎಷ್ಟು ಅಂತ ನಿಮ್ಮ ಗಾಡಿಯ ಬುಕ್ ನೋಡಿ, ಬೇರೆ ಗಾಡಿಯವರು ಹೇಳಿದ ನಂಬರ್ ಹಾಕಬೇಡಿ.