‘ಲೀಕ್’ ಎಂಬುದಕ್ಕೆ ‘ಸೋರಿಕೆ’ ಸಾಕೇ?

ಪ್ರಶ್ನೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಮನೆಗೆ ಹೊರಡುವಾಗ ಕೊಡುವ ಸೂಚನಾಪತ್ರವನ್ನು ಕನ್ನಡಿಸುತ್ತಿದ್ದೇನೆ, ನಾಳೆಯೇ ಅಚ್ಚಿಗೆ ಹೋಗಬೇಕು. ಸ್ಲೀವ್ ವಿಧಾನದಲ್ಲಿ ಜಠರದ ಶೇ. 75ರಿಂದ 80ರಷ್ಟನ್ನು ತೆಗೆದು, ಉಳಿದ ಭಾಗದ ಅಂಚನ್ನು ಸ್ಟೇಪಲ್‌ಗಳಿಂದ ಮುಚ್ಚುತ್ತಾರೆ. ಆ ಅಂಚು ಬಿಟ್ಟುಕೊಂಡು ಜಠರದಲ್ಲಿರುವುದು ಉದರದೊಳಕ್ಕೆ ಹರಿದರೆ ಅದು ‘ಲೀಕ್’. ‘ಸೋರಿಕೆ’ ಎಂದರೆ ಓದುವವರು ಹೊರಗಿನ ಗಾಯ ಒಸರುವುದೆಂದು ತಿಳಿದಾರೆಂಬ ಅಳುಕಿದೆ. ಸಿಬ್ಬಂದಿಯ ದಾಖಲೆಗಾಗಿ ‘ನಿಯರ್ ಮಿಸ್’ಗೂ (ರೋಗಿಗೆ ತಟ್ಟುವ ಮೊದಲೇ ಕಂಡು ತಡೆದ ತಪ್ಪು) ಒಂದು ಪದ ಬೇಕು.

ಉತ್ತರ 1: ಒಸರುವುದು ಮೇಲ್ಮೈ, ಜಿನುಗುವುದು ಹನಿ, ಸೋರುವುದಕ್ಕೆ ಒಳಗೇನನ್ನಾದರೂ ತುಂಬಿಕೊಂಡ ಪಾತ್ರೆಯೇ ಬೇಕು. ಆದ್ದರಿಂದ ‘ಸೋರು’ ಬಿಡಬೇಡಿ, ‘ಒಳಸೋರಿಕೆ’ ಎನ್ನಿ. ‘ಸ್ರಾವ’ ಖಂಡಿತ ಬೇಡ, ಅದನ್ನು ಎಲ್ಲರೂ ರಕ್ತಸ್ರಾವವೆಂದೇ ಓದುತ್ತಾರೆ. ಪದದ ಬೆನ್ನಿಗೇ ಲಕ್ಷಣಗಳೂ ಇರಲಿ: ಸುಮ್ಮನೆ ಮಲಗಿದ್ದಾಗಲೂ ಇಳಿಯದ ನಾಡಿಯ ವೇಗ, ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಉಸಿರಾಟದ ತೊಂದರೆ. ದಪ್ಪ ಹೊಟ್ಟೆಯನ್ನು ಒತ್ತಿ ನೋಡಿದಾಗ ಏನೂ ತಿಳಿಯದಿದ್ದರೂ ನಾಡಿ ಮೊದಲೇ ಸುಳಿವು ಕೊಟ್ಟಿರುವುದುಂಟು. ‘ನಿಯರ್ ಮಿಸ್’ಗೆ ‘ಸ್ವಲ್ಪದರಲ್ಲಿ ತಪ್ಪಿದ್ದು’ ಎಂಬ ಆಡುಮಾತೇ ಸಾಕು. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಚುಚ್ಚುಮದ್ದಿನ ಪ್ರಮಾಣ ತಪ್ಪಾಗಿರುವುದು ಸೂಜಿ ಚುಚ್ಚುವ ಮೊದಲೇ ದಾದಿಯ ಕಣ್ಣಿಗೆ ಬಿದ್ದರೆ ಬರೆದಿಡಬೇಕಾದದ್ದು ಅದನ್ನೇ.

ಉತ್ತರ 2: ಒಂದು ಪದಕ್ಕೆ ಇಷ್ಟು ಚರ್ಚೆ ನಡೆಸಿ ‘ಬಾರಿಯಾಟ್ರಿಕ್’ (ತೂಕ ಇಳಿಸುವ ಚಿಕಿತ್ಸೆಗೆ ಸೇರಿದ), ‘ಸ್ಟೇಪಲ್’, ‘ಚೆಕ್‌ಲಿಸ್ಟ್’ಗಳನ್ನು ಹಾಗೆಯೇ ನುಂಗುವುದು ಯಾವ ನ್ಯಾಯ? ಮೊದಲನೆಯದರಲ್ಲಿರುವುದು ನಮ್ಮ ‘ಭಾರ’ವೇ, ‘ಭಾರಚಿಕಿತ್ಸೆ’ ಎನ್ನಬಹುದು, ಅಚ್ಚಗನ್ನಡ ಬೇಕಾದರೆ ‘ಬೊಜ್ಜುಕೊಯ್ತ’.

ಉತ್ತರ 1: ಎರಡೂ ಸಲ್ಲವು. ‘ಬಾರಿಯಾಟ್ರಿಕ್’ನ ಮೂಲವಾದ, ತೂಕವೆಂಬ ಅರ್ಥದ ಗ್ರೀಕಿನ ‘ಬಾರೋಸ್’ಗೆ ನಂಟಿರುವುದು ತೂಕವುಳ್ಳದ್ದೆಂಬ ಅರ್ಥದ ಸಂಸ್ಕೃತದ ‘ಗುರು’ವಿನೊಂದಿಗೆ, ‘ಭಾರ’ ಹುಟ್ಟಿದ್ದು ಹೊರುವುದೆಂಬ ಅರ್ಥದ ‘ಭೃ’ ಧಾತುವಿನಿಂದ. ಇನ್ನು ಈ ಚಿಕಿತ್ಸೆಯಲ್ಲಿ ಬೊಜ್ಜನ್ನು ಯಾರೂ ಕೊಯ್ಯುವುದಿಲ್ಲ, ಕತ್ತರಿ ಬೀಳುವುದು ಜಠರಕ್ಕೆ. ‘ಬೊಜ್ಜುಕೊಯ್ತ’ವೆಂದು ಓದಿ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದವರು ಬೇರೆ ಯಾವುದಕ್ಕೋ ಒಪ್ಪಿದಂತಾಗುತ್ತದೆ. ‘ಚೆಕ್‌ಲಿಸ್ಟ್’ಗೆ ‘ತಾಳೆಪಟ್ಟಿ’ ಆಗಬಹುದು: ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತೆಯ 19 ಅಂಶಗಳ ಪಟ್ಟಿ ಒಬ್ಬರೇ ಗುರುತು ಹಾಕಿ ಮುಗಿಸುವುದಲ್ಲ, ಒಬ್ಬರು ಗಟ್ಟಿಯಾಗಿ ಓದಿದ್ದನ್ನು ತಂಡದವರೆಲ್ಲ ತಾಳೆ ನೋಡುವುದು. ಆದರೆ ಸ್ಲೀವ್, ಬೈಪಾಸ್ (ಹೃದಯದ್ದಲ್ಲ, ತೂಕ ಇಳಿಸುವ ಇನ್ನೊಂದು ಶಸ್ತ್ರಚಿಕಿತ್ಸೆ), ಸ್ಟೇಪಲ್ ಇದ್ದಂತೆಯೇ ಇರಲಿ. ರಾತ್ರಿ ಹೊತ್ತು ಬೇರೊಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿದವರು ತಮಗೆ ಆಗಿರುವುದು ಯಾವ ಶಸ್ತ್ರಚಿಕಿತ್ಸೆ ಎಂದು ಹೇಳಬೇಕಾದರೆ ಅಲ್ಲಿಯ ವೈದ್ಯರಿಗೆ ತಿಳಿಯುವುದು ಆ ಹೆಸರುಗಳೇ.